ಆರು ಸಲ ತಿನ್ನಿ ಅನ್ನೋರು ಒಬ್ರು, ನಡುವೆ ತಿನ್ಬೇಡಿ ಅನ್ನೋರು ಇನ್ನೊಬ್ರು

ಶಿರಸಿ ಕಡೆ ಶುಗರ್ ಇರೋರು ಹಲ್ಲು ತೋರಿಸೋಕೆ ಬಂದ್ರೆ ಫೈಲಲ್ಲಿ ಡಯಟಿಶಿಯನ್ ಬರ್ಕೊಟ್ಟ ಚೀಟಿನೂ ಇರತ್ತೆ, ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ತಿನ್ನಿ ಅಂತ. ನಾವು ಡೆಂಟಿಸ್ಟ್‌ಗಳು ಊಟದ ನಡುವೆ ಬಾಯಾಡಿಸ್ಬೇಡಿ ಅಂತೀವಿ. ಪಾಪ ಅವ್ರು ಯಾರ ಮಾತು ಕೇಳ್ಬೇಕು? ಇಬ್ರದ್ದೂ ಬಿಟ್ಟು ಪಕ್ಕದ ಮನೆಯವ್ರು ಹೇಳಿದ್ದು ಮಾಡ್ತಾರೆ.

ಕಷ್ಟ ಏನಂದ್ರೆ ಇಬ್ರು ಹೇಳೋದೂ ಸರಿನೇ. ಅವ್ರು ನೋಡೋದು ಒಂದು ಸಲಕ್ಕೆ ಎಷ್ಟು ತಿಂದ್ರಿ ಅಂತ, ನಾವು ನೋಡೋದು ಎಷ್ಟು ಸಲ ತಿಂದ್ರಿ ಅಂತ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷದಲ್ಲಿ ಹಲ್ಲಿನ ಮೇಲಿನ ಬ್ಯಾಕ್ಟೀರಿಯಾ ಆಸಿಡ್ ಮಾಡತ್ತೆ, ಪಿಎಚ್ (ಹುಳಿ ಅಳೆಯೋ ಲೆಕ್ಕ, ಕಮ್ಮಿ ಆದಷ್ಟೂ ಹುಳಿ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗೆ ಹೋದ್ರೆ ಹಲ್ಲಿನ ಗಟ್ಟಿ ಹೊರಪದರ ಎನಾಮಲ್ ಕರಗೋಕೆ ಶುರು, ಎಂಜಲು ಅದನ್ನ ಮತ್ತೆ ಹದಕ್ಕೆ ತರೋಕೆ ಅರ್ಧ ಗಂಟೆ, ಕೆಲವರಿಗೆ ಒಂದು ಗಂಟೆನೂ ಬೇಕು. ಹಾಗಾಗಿ ಒಂದು ಲೋಟ ಬೆಲ್ಲದ ಕಷಾಯ ಒಂದೇ ಸಲ ಕುಡಿದು ಲೋಟ ತೊಳೆದಿಡೋದು ಬೇರೆ, ಜಗಲಿ ಮೇಲೆ ಪೇಪರ್ ಓದ್ತಾ ಅದನ್ನೇ ಒಂದು ತಾಸು ಗುಟುಕರಿಸೋದು ಬೇರೆ. ಬೆಲ್ಲ ಎರಡರಲ್ಲೂ ಅಷ್ಟೇ! ಅದ್ರ ಮೇಲೆ ಶುಗರ್ ಇರೋ ಬಹಳ ಜನಕ್ಕೆ ಬಾಯಿ ಒಣಗತ್ತೆ, ಹದಕ್ಕೆ ತರೋ ಎಂಜಲೇ ಕಮ್ಮಿ.

ಅದಕ್ಕೆ ನಾನು ಆರು ಸಲದ ಚೀಟಿಗೆ ಅಡ್ಡ ಗೀಟು ಎಳೆಯಲ್ಲ, ನಡುವಿನ ಮೂರು ಸಲ ಎಂತ ತಿಂತೀರಿ ಅಂತ ಕೇಳ್ತೀನಿ. ಮಾರಿ ಬಿಸ್ಕಿಟ್, ಖಾರಿ, ಚಾ ಜೊತೆ ಟೋಸ್ಟ್. ಅದ್ರ ಬದ್ಲು ಮಜ್ಜಿಗೆ, ಒಂದು ಮುಷ್ಟಿ ಶೇಂಗಾ, ಸೌತೆಕಾಯಿ, ಮೊಟ್ಟೆ ತಿನ್ನೋರಾದ್ರೆ ಮೊಟ್ಟೆ, ಅಷ್ಟಾದ್ರೆ ಜಗಳ ಮುಗೀತು. ಆದ್ರೆ ಶುಗರ್ ಲೋ ಆಗಿ ಕೈ ನಡುಗ್ತಿದ್ರೆ ಹಲ್ಲಿನ ಯೋಚ್ನೆ ಬೇಡ, ಮೊದ್ಲು ಗ್ಲೂಕೋಸ್, ಆಮೇಲೆ ಬಾಯಿ ಮುಕ್ಕಳಿಸಿದ್ರಾಯ್ತು.

ಬೆಲ್ಲದ ವಿಷಯಕ್ಕೆ ಮಾತ್ರ ನಮ್ಮೂರಲ್ಲಿ ಯಾರೂ ಸೋಲಲ್ಲ. ಮನೆ ಆಲೆಮನೆ ಜೋನಿ ಬೆಲ್ಲ ಡಾಕ್ಟ್ರೇ, ಕೆಮಿಕಲ್ ಇಲ್ಲ ಅಂತಾರೆ. ಇರ್ಲಿಕ್ಕಿಲ್ಲ, ಆದ್ರೆ ಬ್ಯಾಕ್ಟೀರಿಯಾಗೂ ಅದು ರುಚಿನೇ. ಬೆಲ್ಲ, ಸಕ್ಕರೆ ಥರದ ಸಿಹಿಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿ ಒಟ್ಟು ಕ್ಯಾಲರಿಯ ಶೇ. 10ಕ್ಕಿಂತ ಕಮ್ಮಿ, ಶೇ. 5ಕ್ಕಿಂತ ಕಮ್ಮಿ ಆದ್ರೆ ಇನ್ನೂ ಒಳ್ಳೇದು. 2000 ಕ್ಯಾಲರಿ ತಿನ್ನೋರಿಗೆ 50 ಗ್ರಾಂ, ಇಲ್ಲ 25 ಗ್ರಾಂ. ಜೇನುತುಪ್ಪ, ಹಣ್ಣಿನ ಜ್ಯೂಸ್ ಎಲ್ಲಾ ಈ ಲೆಕ್ಕದಲ್ಲೇ ಬರತ್ತೆ.

ಇಷ್ಟು ಗೊಂದಲ ಯಾಕೆ ಅಂದ್ರೆ, ನಮ್ಮ ಡೆಂಟಲ್ ಡಿಗ್ರಿ ಬಿಡಿಎಸ್‌ನಲ್ಲಿ ನ್ಯೂಟ್ರಿಷನ್ ಬರೋದು ಫಸ್ಟ್ ಇಯರಲ್ಲಿ, ಫಿಸಿಯಾಲಜಿ ಬಯೋಕೆಮಿಸ್ಟ್ರಿ ಪೇಪರಿನ ಬಾಲಕ್ಕೆ. ಪೇಷಂಟ್ ಮುಂದೆ ಕೂರೋ ಹೊತ್ತಿಗೆ ವಿಟಮಿನ್ ಪಟ್ಟಿ ಬಿಟ್ಟು ಎಲ್ಲಾ ಮರ್ತಿರತ್ತೆ. ಡಯಟಿಶಿಯನ್‌ಗಳಿಗೆ ಬಾಯಿ ಒಳಗೆ ನೋಡೋದನ್ನ ಯಾರೂ ಕಲಿಸಲ್ಲ. ಇಂಟರ್ನ್‌ಶಿಪ್ಪಲ್ಲಿ ಇವ್ರು ಅವ್ರ ಪಕ್ಕ, ಅವ್ರು ಇವ್ರ ಪಕ್ಕ ಒಂದು ವಾರ ಕೂತ್ರೂ ಸಾಕು, ದೊಡ್ಡ ಕಾನ್ಫರೆನ್ಸ್ ಎಲ್ಲ ಏನೂ ಬೇಡ.

ದವಡೆ ಹಲ್ಲೆಲ್ಲ ಹೋದ ಅಜ್ಜಿಗೆ ಮೊಳಕೆ ಕಾಳು, ಹಸಿ ಕ್ಯಾರೆಟ್ ಅಂತ ಬರ್ದಿದ್ರೆ ಅವ್ರು ಅದನ್ನ ಮೊಮ್ಮಗನಿಗೆ ಕೊಟ್ಟು ಗಂಜಿ ಉಪ್ಪಿನಕಾಯಿ ತಿಂದು ಮಲಗ್ತಾರೆ. ಕಾರವಾರ, ಅಂಕೋಲಾ ಕಡೆಯವ್ರಾದ್ರೆ ಮುಳ್ಳು ತೆಗೆದ ಮೀನಿನ ಸಾರಲ್ಲಿ ಪ್ರೋಟೀನ್ ಸಿಗತ್ತೆ, ಘಟ್ಟದ ಮೇಲಿನವ್ರಿಗೆ ಮೆತ್ತಗೆ ಬೇಯಿಸಿದ ಹೆಸರು ಕಾಳು, ತೊವ್ವೆ, ಮೊಸರು. ಹಲ್ಸೆಟ್ ಹೊಂದಿಕೊಳ್ಳೋ ತನಕ ಹೀಗೇ ನಡೀಲಿ ಅಂತ ಚೀಟಿ ಹಿಂದೆ ಬರೆದು, ಆ ಡಯಟಿಶಿಯನ್‌ಗೊಂದು ಫೋನ್ ಹಾಕ್ತೀನಿ.