ತಪ್ಪನ್ನು ಯಾರೆದುರು ಹೇಳಬೇಕು?

ಕೊಡಗಿನ ಕಾಫಿ ತೋಟಗಳಿಗೆ ಆಡಳಿತದ ಸಲಹೆ ನೀಡುವ ನನ್ನನ್ನು ಕಿರಿಯ ಸಹಾಯಕ ಮ್ಯಾನೇಜರುಗಳು ಪದೇ ಪದೇ ಕೇಳುವುದೊಂದಿದೆ: ತಮಗಿಂತ ಹಿರಿಯರಾದ ರೈಟರೋ (ತೋಟದ ಲೆಕ್ಕ ಬರೆಯುವವರು) ಮೇಸ್ತ್ರಿಯೋ (ಆಳುಗಳ ಕೆಲಸ ನೋಡಿಕೊಳ್ಳುವವರು) ತಪ್ಪಿದಾಗ ಅದನ್ನು ಹೇಳುವುದು ಹೇಗೆ? ಮರೆಯಲ್ಲಿ ಕರೆದು ಹೇಳಿ ಎಂಬ ಸಲಹೆ ಅರ್ಧ ಮಾತ್ರ ಸರಿ. ತಪ್ಪನ್ನು ತಿದ್ದಲು ಎಷ್ಟು ಹೊತ್ತು ಉಳಿದಿದೆ, ನಷ್ಟ ಯಾರ ಪಾಲಿಗೆ ಬೀಳುತ್ತದೆ ಎಂಬುದನ್ನು ಮೊದಲು ನೋಡಬೇಕು.

ಮಳೆಗಾಲಕ್ಕೆ ಮುನ್ನ ಮೆಣಸಿನ ಬಳ್ಳಿಗೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ (ಶಿಲೀಂಧ್ರ ರೋಗ ತಡೆಯುವ ಔಷಧಿ) 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಬೇಕು. ಸುಣ್ಣ ಹಳೆಯದಾಗಿ ಸತ್ವ ಕಳೆದುಕೊಂಡಿದ್ದರೆ ತಾಮ್ರ ಹೆಚ್ಚಾಗಿ ಉಳಿದು ಎಲೆ ಸುಡುತ್ತದೆ. ಬಳ್ಳಿಗೆ ಬಿದ್ದ ಮೇಲೆ ಹೇಳಿ ಪ್ರಯೋಜನವಿಲ್ಲ. ಹೊಡೆಯುವ ಮುನ್ನವೇ, “ಸುಣ್ಣ ಕಡಿಮೆಯಾಯಿತು” ಎನ್ನುವುದಕ್ಕಿಂತ “ಮೇಸ್ತ್ರಿ, ಒಮ್ಮೆ ಕತ್ತಿ ಅದ್ದಿ ನೋಡೋಣವೇ?” ಎಂದು ಕೇಳುವುದು ಮೇಲು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ವಾದಕ್ಕೆ ಜಾಗವಿರುವುದಿಲ್ಲ, ಇನ್ನಷ್ಟು ಸುಣ್ಣದ ನೀರು ಬೆರೆಸಿದರೆ ಆಯಿತು. ಪ್ರತಿ ಬಾರಿ ಬೆರೆಸಿದಾಗಲೂ ಈ ಪರೀಕ್ಷೆ ನಡೆಯುವ ತೋಟದಲ್ಲಿ ಕತ್ತಿ ಅದ್ದುವುದು ಯಾರಿಗೂ ಆರೋಪವೆನಿಸದು.

ಹಣ್ಣು ಕೊಯ್ಲಿನ ಸಂಜೆಯ ತೂಕ ಬೇರೆಯೇ ಸಂಗತಿ. ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುವ ಹೆಂಗಸಿನ ಚೀಲವನ್ನು ರೈಟರ್ ಕಡಿಮೆ ಬರೆದುಕೊಂಡದ್ದು ಕಣ್ಣಿಗೆ ಬಿದ್ದರೆ, ಅವರ ಮರ್ಯಾದೆ ಉಳಿಸಲೆಂದು ಆಮೇಲೆ ಆಫೀಸಿನಲ್ಲಿ ಹೇಳುವುದು ನನ್ನ ಅಭಿಪ್ರಾಯದಲ್ಲಿ ಅನ್ಯಾಯ, ಏಕೆಂದರೆ ನಷ್ಟವಾದವಳು ಅಲ್ಲಿಯೇ ನಿಂತಿದ್ದಾಳೆ. “ಸಾರ್, ಈ ಚೀಲ ಇನ್ನೊಮ್ಮೆ ತೂಗೋಣ” ಎಂದಷ್ಟೇ ಹೇಳಿ, ಅವಳ ಎದುರಿನಲ್ಲೇ ಅಂಕಿ ತಿದ್ದಿಸಬೇಕು. ಕಾರಣವನ್ನು ಕೆದಕುವ ಮಾತು ಎಲ್ಲರೂ ಲೈನ್‌ಮನೆಗೆ (ಕಾರ್ಮಿಕರ ವಸತಿಸಾಲು) ಹೋದ ಮೇಲೆ ಆಗಲಿ.

ಚೆಕ್‌ರೋಲಿನಲ್ಲಿ (ಆಳುಗಳ ಹಾಜರಿ ಪುಸ್ತಕ) ಹಾಜರಿ ತಪ್ಪಾಗಿದ್ದರೆ ಬಟವಾಡೆಯ ಮುಂಚೆ ತಿದ್ದಿದರೆ ಸಾಕು, ಮರೆಯಲ್ಲೇ ಹೇಳಬಹುದು. ಅದರ ಫೋಟೋ ತೆಗೆದು ತೋಟದ ವಾಟ್ಸಾಪ್ ಗುಂಪಿಗೆ ಹಾಕುವವರೂ ಇದ್ದಾರೆ. ಅಂಥವರಿಗೆ ಮುಂದೆ ಯಾವ ರೈಟರೂ ಪುಸ್ತಕ ತೋರಿಸುವುದಿಲ್ಲ.

ಒಂದೇ ತಪ್ಪು ಮರುಕಳಿಸಿದರೆ ಮನುಷ್ಯನಿಗಿಂತ ಮೊದಲು ವ್ಯವಸ್ಥೆಯನ್ನು ನೋಡಬೇಕು: ತಕ್ಕಡಿ ಸಮನಾದ ನೆಲದಲ್ಲಿದೆಯೇ, ತೂಗುವಲ್ಲಿ ಬೆಳಕಿದೆಯೇ. ಅದೆಲ್ಲ ಸರಿಯಿದ್ದೂ ವಿಷಯ ಮಾಲೀಕರವರೆಗೆ ಹೋಗಬೇಕಾದರೆ, ಹೋಗುವ ಮುನ್ನ “ಇದನ್ನು ನಾಳೆ ಅವರಿಗೆ ತಿಳಿಸುತ್ತೇನೆ, ನೀವೂ ಜೊತೆಗೆ ಬನ್ನಿ” ಎಂದು ಆ ವ್ಯಕ್ತಿಗೇ ಹೇಳಬೇಕು.