ಮಾಸ್ಕ್ ಹಾಕಿದ ಚರ್ಚೂ ಕೋರ್ಟಿಗೆ ಹೋಗಿತ್ತು

ಕೊರೊನಾ ಕಾಲದ ಚರ್ಚ್ ಜಗಳ ಅಂದರೆ ನಮ್ಮಲ್ಲಿ ಎಷ್ಟೋ ಜನಕ್ಕೆ ನೆನಪಾಗುವುದು ವಾಟ್ಸಾಪ್‌ನಲ್ಲಿ ಓಡಾಡಿದ ಅಮೆರಿಕದ ವಿಡಿಯೋಗಳು. ಒಬ್ಬ ಪಾಸ್ಟರ್ ಮಾಸ್ಕ್ ಬೇಡ ಅಂತ ಗುಡುಗುತ್ತಾರೆ. ಇನ್ನೊಬ್ಬರು ಮಾಸ್ಕ್ ಹಾಕದವನಿಗೆ ನೆರೆಯವನ ಮೇಲೆ ಪ್ರೀತಿಯೇ ಇಲ್ಲ ಅನ್ನುತ್ತಾರೆ. ಸೆಮಿನರಿಯಲ್ಲಿ ಸಭಾ ಚರಿತ್ರೆ ಪಾಠ ಮಾಡುವ ನನ್ನನ್ನು ವಿದ್ಯಾರ್ಥಿಗಳು ಈಗಲೂ ಕೇಳುತ್ತಾರೆ, "ಸರ್, ಇವರಲ್ಲಿ ಯಾರು ಸರಿ?"

ನಾನು ತಿರುಗಿ ಕೇಳುವುದು ಇಷ್ಟೇ: ಯಾವ ಆದೇಶದ ಬಗ್ಗೆ ಕೇಳುತ್ತಿದ್ದೀರಿ? ಬಾಗಿಲು ಮುಚ್ಚಿ ಅಂದದ್ದಾ, ಹಾಡಬೇಡಿ ಅಂದದ್ದಾ, ಇಷ್ಟೇ ಜನ ಸೇರಿ ಅಂದದ್ದಾ, ಮಾಸ್ಕ್ ಹಾಕಿ ಅಂದದ್ದಾ? ನಾಲ್ಕನ್ನೂ ಒಂದೇ ಗಂಟು ಕಟ್ಟಿದ್ದರಿಂದಲೇ ಅರ್ಧ ಜಗಳ ಹುಟ್ಟಿತು.

ಎರಡು ಚರ್ಚುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಲಾಸ್ ಏಂಜಲಿಸ್‌ನ ಸನ್ ವ್ಯಾಲಿಯ ಗ್ರೇಸ್ ಕಮ್ಯುನಿಟಿ ಚರ್ಚ್, ಆಗ ಅಲ್ಲಿ ಜಾನ್ ಮೆಕಾರ್ಥರ್ ಪಾಸ್ಟರ್. ಇನ್ನೊಂದು ವಾಷಿಂಗ್ಟನ್‌ನ ಕ್ಯಾಪಿಟಲ್ ಹಿಲ್ ಬ್ಯಾಪ್ಟಿಸ್ಟ್ ಚರ್ಚ್, ಅಲ್ಲಿ ಮಾರ್ಕ್ ಡೆವರ್. ಇಬ್ಬರೂ ಸಂಪ್ರದಾಯಸ್ಥರು, ಸತ್ಯವೇದವನ್ನು ವಚನ ವಚನವಾಗಿ ಬಿಡಿಸಿ ಬೋಧಿಸುವವರು. ಮೆಕಾರ್ಥರ್ ಅವರ ಸಭೆ 2020ರ ಮಾರ್ಚ್‌ನಲ್ಲಿ ಆದೇಶ ಪಾಲಿಸಿ ಬಾಗಿಲು ಹಾಕಿತ್ತು, ಇದನ್ನು ಜಾಸ್ತಿ ಜನ ಮರೆತಿದ್ದಾರೆ. ಜುಲೈನಲ್ಲಿ ಕ್ಯಾಲಿಫೋರ್ನಿಯಾ ಕಟ್ಟಡದೊಳಗಿನ ಆರಾಧನೆಯನ್ನು ಮತ್ತೆ ನಿಲ್ಲಿಸಿದಾಗ, 24ನೇ ತಾರೀಕು ಸಭೆಯ ಹಿರಿಯರು ಒಂದು ಹೇಳಿಕೆ ಕೊಟ್ಟರು: ಸಭೆಗೆ ಕ್ರಿಸ್ತನೇ ಶಿರಸ್ಸು, ಕೈಸರನಲ್ಲ, ಅಂದರೆ ಸರ್ಕಾರವಲ್ಲ. ಆ ಭಾನುವಾರ ಚರ್ಚ್ ತುಂಬಿತ್ತು, ಮಾಸ್ಕ್ ಕಂಡದ್ದು ಅಪರೂಪ.

ಡೆವರ್ ಅವರ ಸಭೆ ನದಿ ದಾಟಿ ವರ್ಜೀನಿಯಾಕ್ಕೆ ಹೋಗಿ ಬಯಲಿನಲ್ಲಿ ಸೇರುತ್ತಿತ್ತು. ಮಾಸ್ಕ್ ಇತ್ತು, ಅಂತರ ಇತ್ತು. ತಮ್ಮ ಊರಿನಲ್ಲಿ ಅದೇ ಥರ ಸೇರೋಣ ಅಂದರೆ, ಬಯಲಿನಲ್ಲೂ 100 ಜನಕ್ಕಿಂತ ಹೆಚ್ಚು ಬೇಡ ಅಂತ ನಗರಾಡಳಿತದ ನಿಯಮ. ಅದೇ ಬೇಸಿಗೆಯಲ್ಲಿ ಅದೇ ನಗರದ ಬೀದಿಗಳಲ್ಲಿ ಸಾವಿರಾರು ಜನ ಪ್ರತಿಭಟನೆಗೆ ಸೇರಿದ್ದರು, ಮೇಯರ್ ಕೂಡ ಹೋಗಿ ಬಂದಿದ್ದರು. ಸೆಪ್ಟೆಂಬರ್‌ನಲ್ಲಿ ಸಭೆ ಕೇಸು ಹಾಕಿತು, ಅಕ್ಟೋಬರ್ 9ರಂದು ಫೆಡರಲ್ ಕೋರ್ಟಿನಿಂದ ತಾತ್ಕಾಲಿಕ ಆದೇಶ ಪಡೆಯಿತು. ಈ ಸಭೆ 1878ರಲ್ಲಿ ಶುರುವಾದ ಮೇಲೆ, ಕೊರೊನಾಕ್ಕೆ ಮುಂಚೆ ಭಾನುವಾರದ ಕೂಟ ಬಿಟ್ಟಿದ್ದು ಮೂರೇ ವಾರ, ಅದೂ 1918ರ ಫ್ಲೂ ಕಾಲದಲ್ಲಿ, ನಗರದ ಆದೇಶಕ್ಕೆ ತಲೆಬಾಗಿ.

ಅಂದರೆ ಮಾಸ್ಕ್ ಹಾಕಿದವರು ಸರ್ಕಾರದ ಬಾಲ, ಹಾಕದವರು ವಿಶ್ವಾಸವೀರರು ಅನ್ನುವ ಲೆಕ್ಕ ಇಲ್ಲಿಗೇ ತಪ್ಪಿತು, ಅಲ್ವಾ? ಮೆಕಾರ್ಥರ್ ಅವರ ಹೇಳಿಕೆ ಬಂದ ಕೂಡಲೇ ಡೆವರ್ ಬಳಗದ ಜೊನಾಥನ್ ಲೀಮನ್ ಬರೆದದ್ದೂ ಹೆಚ್ಚುಕಡಿಮೆ ಇದನ್ನೇ. ಆ ಸಭೆಗೆ ಹಾಗೆ ತೀರ್ಮಾನಿಸುವ ಸ್ವಾತಂತ್ರ್ಯ ಇದೆ, ಆದರೆ ಬೇರೆ ತೀರ್ಮಾನ ಮಾಡಿದ ಸಭೆಗಳ ಮನಸ್ಸಾಕ್ಷಿಯನ್ನು ಅದು ಕಟ್ಟಿಹಾಕುವಂತಿಲ್ಲ.

ಇಂಥ ಗೊಂದಲಕ್ಕೆ ನಾನು ತರಗತಿಯಲ್ಲಿ ತೆಗೆಯುವುದು 17ನೇ ಶತಮಾನದ ಇಂಗ್ಲೆಂಡಿನ ಪಾದ್ರಿ ರಿಚರ್ಡ್ ಬ್ಯಾಕ್ಸ್ಟರ್ ಅವರನ್ನು. ಅಧಿಕಾರಿ ಭಾನುವಾರದ ಕೂಟ ಬೇಡ ಅಂದರೆ ನಿಲ್ಲಿಸಬಹುದೇ ಅನ್ನುವ ಪ್ರಶ್ನೆಗೇ ಅವರು ಉತ್ತರ ಬರೆದಿದ್ದಾರೆ. ಪ್ಲೇಗು, ಬೆಂಕಿ, ಶತ್ರುವಿನ ದಾಳಿ ಅಂಥ ಕಾಲದಲ್ಲಿ ಎಲ್ಲರ ಕ್ಷೇಮಕ್ಕಾಗಿ ಸ್ವಲ್ಪ ದಿನ ಬೇಡ ಅಂದರೆ ಕೇಳಬೇಕು. ಆರಾಧನೆಯನ್ನೇ ಮುಗಿಸುವ ಉದ್ದೇಶದಿಂದ ಬೇಡ ಅಂದರೆ ಕೇಳಬಾರದು. ಅವರೇನು ಸರ್ಕಾರದ ಹೊಗಳುಭಟ ಅಲ್ಲ. 1662ರಲ್ಲಿ ಪಾದ್ರಿ ಕೆಲಸ ಬಿಡಬೇಕಾಯಿತು, 1685ರಲ್ಲಿ ಜೈಲಿಗೂ ಹೋದರು.

ಈ ಅಳತೆ ಹಿಡಿದು ನೋಡಿದರೆ ನೆವಾಡ ರಾಜ್ಯ ಸೋಲುತ್ತದೆ. ಅಲ್ಲಿ ಕ್ಯಾಸಿನೊಗಳಲ್ಲಿ ಅರ್ಧದಷ್ಟು ಜನ ಕೂರಬಹುದಿತ್ತು. ಚರ್ಚ್ ಎಷ್ಟೇ ದೊಡ್ಡದಿರಲಿ, 50 ಜನ ಮಾತ್ರ. ಚರ್ಚ್ ಪರವಾಗಿ ಮಧ್ಯೆ ಬರಲು ಸುಪ್ರೀಂ ಕೋರ್ಟ್ 5-4ರಲ್ಲಿ ಒಪ್ಪಲಿಲ್ಲ, ಅದೂ ಮೆಕಾರ್ಥರ್ ಸಭೆಯ ಹೇಳಿಕೆ ಬಂದ ಅದೇ ಜುಲೈ 24ರಂದು. ಸಿಟ್ಟು ಬಾರದೆ ಇರುತ್ತದೆಯೇ? ಹಾಡಬೇಡಿ ಅನ್ನುವ ನಿಯಮಕ್ಕೆ ಮಾತ್ರ ಕಾರಣ ಗಟ್ಟಿಯಾಗಿತ್ತು. ಮಾರ್ಚ್ 10ರಂದು ವಾಷಿಂಗ್ಟನ್ ರಾಜ್ಯದ ಸ್ಕಾಜಿಟ್ ಎಂಬಲ್ಲಿ ಒಂದು ಗಾಯನ ತಂಡ ಚರ್ಚಿನಲ್ಲಿ ಅಭ್ಯಾಸಕ್ಕೆ ಸೇರಿತ್ತು. ಬಂದಿದ್ದ 61 ಜನರಲ್ಲಿ 53 ಮಂದಿಗೆ ಕಾಯಿಲೆ ತಗುಲಿತು ಅಂತ ತನಿಖೆ ಹೇಳಿತು. ಇಬ್ಬರು ತೀರಿಕೊಂಡರು.

ಮಾಸ್ಕ್ ವಿಷಯ ಬೇರೆ. ಹೆಚ್ಚಿನ ಕಡೆ ಅದು ಅಂಗಡಿಗೂ ಬಸ್ಸಿಗೂ ಚರ್ಚಿಗೂ ಒಂದೇ. ಹಾಕಿಕೊಂಡೂ ಆರಾಧನೆ ಮಾಡಬಹುದು. ಹಾಗಿದ್ದೂ ಜಗಳ ಜೋರಾದದ್ದು ಇಲ್ಲೇ, ಮತ್ತು ವಾದ ಮಾಡಿದವರಿಗೆ ಗೊತ್ತಿತ್ತೋ ಇಲ್ಲವೋ, ಅದು 1548ರ ಜರ್ಮನಿಯ ಜಗಳದ ಮರುಪ್ರಸಾರ. ಆಗ ಚಕ್ರವರ್ತಿ ಪ್ರಾಟೆಸ್ಟೆಂಟರ ಮೇಲೆ ಹಳೆಯ ಆಚರಣೆಗಳನ್ನು ಹೇರಿದ. ಪಾದ್ರಿಯ ನಿಲುವಂಗಿಯಂಥವು ಸಣ್ಣ ಸಂಗತಿ, ಶಾಂತಿಗಾಗಿ ಒಪ್ಪೋಣ ಅಂದರು ಲೂಥರ್ ಸಂಗಡಿಗ ಮೆಲಾಂಕ್ತನ್. ಇನ್ನೊಬ್ಬ ಲೂಥರನ್ ಪಂಡಿತ ಫ್ಲಾಸಿಯಸ್ ಎದ್ದು ನಿಂತರು: ಸಣ್ಣದೇ ಇರಬಹುದು, ಆದರೆ ಬಲವಂತದಿಂದ ಹೇರಿದಾಗ, ವಿಶ್ವಾಸವೇ ಪಣಕ್ಕೆ ಬಿದ್ದಾಗ, ಅದು ಸಣ್ಣದಾಗಿ ಉಳಿಯುವುದಿಲ್ಲ. 1577ರಲ್ಲಿ ಲೂಥರನ್ ಸಭೆಗಳು ತಮ್ಮ ಒಪ್ಪಂದದ 10ನೇ ವಿಧಿಯಲ್ಲಿ ಹೆಚ್ಚುಕಡಿಮೆ ಫ್ಲಾಸಿಯಸ್ ಕಡೆಗೇ ವಾಲಿದವು.

ಅಮೆರಿಕದ ಐಡಹೊ ರಾಜ್ಯದ ಮಾಸ್ಕೊ ಪಟ್ಟಣದ ಪಾಸ್ಟರ್ ಡಗ್ ವಿಲ್ಸನ್ ಮತ್ತವರ ಸಭೆಯ ಹಠದಲ್ಲಿ ನನಗೆ ಕೇಳಿಸುವುದು ಇದೇ ದನಿ. 2020ರ ಸೆಪ್ಟೆಂಬರ್ 23ರಂದು ಅವರು ಸಿಟಿ ಹಾಲ್ ಮುಂದೆ ನಿಂತು ಮಾಸ್ಕ್ ಇಲ್ಲದೆ ಕೀರ್ತನೆ ಹಾಡಿದರು, ಪೊಲೀಸರು ಕೆಲವರನ್ನು ಬಂಧಿಸಿದರು. ನಗರದ ಕಾನೂನಿನಲ್ಲಿಯೇ ಧಾರ್ಮಿಕ ಕೂಟಕ್ಕೆ ವಿನಾಯಿತಿ ಇತ್ತು ಅಂತ ಕೋರ್ಟಿನಲ್ಲಿ ಹೊರಬಿತ್ತು, 2023ರಲ್ಲಿ ನಗರ 3 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಪೊಲೀಸರು ಮಾಡಿದ್ದು ತಪ್ಪೇ. ಆದರೂ ಫ್ಲಾಸಿಯಸ್ ವಾದವನ್ನು ಇಲ್ಲಿಗೆ ಎಳೆದು ತರುವುದು ನನಗೆ ಒಪ್ಪಿಗೆಯಿಲ್ಲ. ಮಾಸ್ಕ್ ಆದೇಶ ಯಾರಿಂದಲೂ ಯಾವ ನಂಬಿಕೆಯನ್ನೂ ಬಿಡಿಸಲಿಲ್ಲ, ಯಾವ ಸುಳ್ಳನ್ನೂ ಒಪ್ಪಿಸಲಿಲ್ಲ. ಅಮೆರಿಕದ ಆರೋಗ್ಯ ಅಧಿಕಾರಿಗಳು ಮೊದಲು ಜನ ಮಾಸ್ಕ್ ಕೊಳ್ಳಬೇಡಿ ಅಂದು, ಏಪ್ರಿಲ್‌ನಲ್ಲಿ ಹಾಕಿ ಅಂದದ್ದು ನಿಜ. ಅದು ಅನುಮಾನಕ್ಕೆ ಕಾರಣ, ಮನುಷ್ಯರಿಗಿಂತ ದೇವರ ಮಾತು ಕೇಳಬೇಕು ಅನ್ನುವ ಅಪೊಸ್ತಲರ ಕೃತ್ಯಗಳು 5:29ಕ್ಕೆ ಅಲ್ಲ.

ಇನ್ನು ಅಪೊಸ್ತಲ ಪೌಲನ ಬಲವಿದ್ದವರು, ಬಲವಿಲ್ಲದವರು. ಯಾವ ಊಟ ಮಾಡಬಹುದು ಅನ್ನುವ ಜಗಳದಲ್ಲಿ, ಹಿಂಜರಿಕೆ ಇಲ್ಲದವರು ಹಿಂಜರಿಯುವವರಿಗಾಗಿ ತಮ್ಮ ಸ್ವಾತಂತ್ರ್ಯ ಬಿಡಲಿ ಅಂದಿದ್ದ ಪೌಲ. ರೋಮಾಪುರದವರಿಗೆ 14, ಕೊರಿಂಥದವರಿಗೆ ಮೊದಲ ಪತ್ರಿಕೆ 8, ಎರಡು ಅಧ್ಯಾಯವನ್ನೂ ಎರಡು ಕಡೆಯವರೂ ಓದಿದರು. ಮಾಸ್ಕ್ ಹಾಕಿದವರು ಅಂದರು: ಬಲವಿಲ್ಲದ ಸಹೋದರನಿಗಾಗಿ ನಾನು ನನ್ನ ಸ್ವಾತಂತ್ರ್ಯ ಬಿಡುತ್ತೇನೆ. ಹಾಕದವರು ಅಂದರು: ನಿನ್ನ ಭಯಕ್ಕೆ ನನ್ನ ಮನಸ್ಸಾಕ್ಷಿಯನ್ನು ಕಟ್ಟಬೇಡ. ಗಮನಿಸಿ, ಇಬ್ಬರೂ ತಮ್ಮನ್ನು ಬಲವಿದ್ದವರ ಸಾಲಿನಲ್ಲೇ ಕೂರಿಸಿಕೊಂಡಿದ್ದಾರೆ. ಬಲವಿಲ್ಲದವನು ನಾನು ಅಂತ ಕೈ ಎತ್ತಿದವರು ಯಾರೂ ಇಲ್ಲ. ಮೇಲಾಗಿ ಪೌಲ ಮಾತಾಡುತ್ತಿದ್ದದ್ದು ಮನಸ್ಸಾಕ್ಷಿಯ ಬಲದ ಬಗ್ಗೆ, ಶ್ವಾಸಕೋಶದ್ದಲ್ಲ. ಹಾಗಾಗಿ ಆ ಅಧ್ಯಾಯಗಳಿಂದ ಯಾರಿಗೂ ತೀರ್ಪು ಸಿಗಲಿಲ್ಲ, ಸಿಕ್ಕಿದ್ದು ಬೈಯಲು ಹೊಸ ಮಾತು.

ನಮ್ಮ ಕರ್ನಾಟಕದಲ್ಲಿ ಇದು ಇಷ್ಟು ಬೆಳೆಯಲಿಲ್ಲ. ಲಾಕ್‌ಡೌನ್‌ನಲ್ಲಿ ಗುಡಿ, ಮಸೀದಿ, ಚರ್ಚ್ ಒಟ್ಟಿಗೇ ಮುಚ್ಚಿದವು, 2020ರ ಜೂನ್ 8ರಿಂದ ತೆರೆಯಲು ಎಲ್ಲಕ್ಕೂ ಒಟ್ಟಿಗೇ ಅನುಮತಿ ಬಂತು. ನಮ್ಮನ್ನೇ ಗುರಿ ಮಾಡಿದ್ದಾರೆ ಅನ್ನಲು ಜಾಗವೇ ಇರಲಿಲ್ಲ.

ಅಮೆರಿಕದಲ್ಲೂ ಎಷ್ಟೋ ಕಡೆ ಜಗಳ ಇದ್ದದ್ದು ಸರ್ಕಾರದ ಜೊತೆ ಅಲ್ಲ. ಟೆಕ್ಸಾಸ್‌ನ ಗವರ್ನರ್ ಗ್ರೆಗ್ ಅಬಾಟ್ 2020ರ ಜುಲೈನಲ್ಲಿ ಮಾಸ್ಕ್ ಕಡ್ಡಾಯ ಮಾಡಿದಾಗ ಆರಾಧನೆಗೆ ಬರುವವರನ್ನು ಬಿಟ್ಟರು. ಹಾಕಿದರೆ ಒಳ್ಳೆಯದು ಅಂತ ಹೇಳಿದರು, ಅಷ್ಟೇ. ಚೆಂಡು ಬಂದು ಬಿದ್ದದ್ದು ಸಭೆಯ ಹಿರಿಯರ ಕೈಗೆ. ಎಷ್ಟು ಗಂಟೆಗೆ ಸೇರಬೇಕು, ಕುರ್ಚಿ ಹೇಗೆ ಹಾಕಬೇಕು ಅನ್ನುವುದನ್ನು ಹಿರಿಯರು ಹೇಳಬಹುದು. ಮಾಸ್ಕ್ ಇಲ್ಲ ಅಂತ ಒಬ್ಬ ದೀಕ್ಷಾಸ್ನಾನ ಪಡೆದ ಸದಸ್ಯನನ್ನು ಕರ್ತನ ಭೋಜನದಿಂದ ದೂರ ಇಡಬಹುದೇ? ಆಗಲ್ಲ ಅಂತಲೇ ನನ್ನ ಅಭಿಪ್ರಾಯ. ಹಾಗೆಂದು 70 ದಾಟಿದ ವಿಧವೆಗೆ "ಭಯ ಇದ್ದರೆ ಮನೆಯಲ್ಲಿರಿ ಅಮ್ಮ" ಅನ್ನುವುದೂ ಅವರನ್ನು ಹೊರಗಿಟ್ಟಂತೆಯೇ. ಕೆಲವು ಸಭೆಗಳು ಎರಡು ಆರಾಧನೆ ಇಟ್ಟವು, ಒಂದು ಮಾಸ್ಕಿನದು, ಒಂದು ಇಲ್ಲದ್ದು. ಕೆಲಸ ನಡೆಯಿತು. ಆದರೆ ಸುವಾರ್ತೆಯ ಯಾವ ವಿಷಯದಲ್ಲೂ ಬೇರೆಯಾಗದವರು ಮುಖದ ಬಟ್ಟೆಯ ಮೇಲೆ ಬೇರೆ ಬೇರೆ ಸಾಲಿನಲ್ಲಿ ಕೂತದ್ದು ನನಗೆ ಈಗಲೂ ಕಸಿವಿಸಿ.

ಪಾಸ್ ಆಗಿ ಹೊರಡುವ ಹೊಸ ಸಭಾಪಾಲಕರಿಗೆ ನಾನು ಹೇಳುವುದು ಬಹಳ ಸಾಮಾನ್ಯ ವಿಷಯ. ಮುಂದೆ ಇಂಥದ್ದು ಬಂದರೆ ನೋಟಿಸಿನಲ್ಲಿ ಕಾರಣ ಬರೆಯಿರಿ, ಯಾವ ತಾರೀಕಿನವರೆಗೆ ಅಂತ ಬರೆಯಿರಿ, ಆಮೇಲೆ ಹಿರಿಯರು ಮತ್ತೆ ಕೂತು ನೋಡುತ್ತಾರೆ ಅಂತ ಬರೆಯಿರಿ. ಕೆಳಗೆ, ಅಧಿಕಾರಿಗಳಿಗೆ ಅಧೀನರಾಗಿರಿ ಅನ್ನುವ ರೋಮಾಪುರದವರಿಗೆ 13ನೇ ಅಧ್ಯಾಯದ ವಚನ ಮಾತ್ರ ಹಾಕಬೇಡಿ. ಹಾಕಿದ ಕ್ಷಣವೇ ಮಾಸ್ಕ್ ಹಾಕದಿರುವುದು ಪಾಪವಾಗಿಬಿಡುತ್ತದೆ, ಮತ್ತು ಅಲ್ಲಿವರೆಗೆ ಸೋಲುತ್ತಿದ್ದ ಫ್ಲಾಸಿಯಸ್ ವಾದವನ್ನು ನೀವೇ ಗೆಲ್ಲಿಸಿರುತ್ತೀರಿ.