ಡಾಕ್ಟ್ರ ಕ್ಲಿನಿಕ್‌ಗೆ ಆಯಿಂಟ್‌ಮೆಂಟ್ ಮಾಡಿ ಸ್ಟಾಕ್ ಕಳಿಸಬಹುದಾ?

ಪ್ರಶ್ನೆ: ಬಸವನಗುಡಿಲಿ ನಮ್ದೊಂದು ಮೆಡಿಕಲ್ ಶಾಪ್ ಇದೆ. ಪಕ್ಕದ ರೋಡಿನ ಸ್ಕಿನ್ ಡಾಕ್ಟ್ರು ಸ್ಯಾಲಿಸಿಲಿಕ್ ಆಸಿಡ್ ಆಯಿಂಟ್‌ಮೆಂಟ್ ಕಲಸಿ ಒಂದೇ ಸಲ ಐವತ್ತು ಡಬ್ಬಿ ಕ್ಲಿನಿಕ್‌ಗೆ ಕಳ್ಸಿ ಅಂತಿದಾರೆ. ಕೊಡಬಹುದಾ?

ಉತ್ತರ: ಬೇಡ ಸಾರ್. ಪೇಷೆಂಟ್ ಹೆಸರಿರೋ ಚೀಟಿ ಬಂದ್ರೆ ಒಂದು ಡಬ್ಬಿ ಮಾಡ್ಕೊಡಿ, ತೊಂದ್ರೆ ಇಲ್ಲ. ಸ್ಟಾಕ್ ಬೇರೆನೇ ಕಥೆ.

1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಆಕ್ಟ್ ಪ್ರಕಾರ ಮಾಮೂಲಿ ರೀಟೇಲ್ ವ್ಯಾಪಾರದಲ್ಲಿ ಔಷಧಿ ಕಾಂಪೌಂಡ್ ಮಾಡೋದು, ಅಂದ್ರೆ ಕಲಸಿಕೊಡೋದು, ಮ್ಯಾನುಫ್ಯಾಕ್ಚರಿಂಗ್ ಅಲ್ಲ, ಅದಕ್ಕೇ ಅಂಗಡಿಯವ್ರಿಗೆ ಅದ್ರ ಲೈಸೆನ್ಸ್ ಬೇಡ. ಆದ್ರೆ ಯಾರ ಹೆಸರೂ ಇಲ್ದೆ ಐವತ್ತು ಡಬ್ಬಿ ತುಂಬಿಸಿ ಇನ್ನೊಬ್ರ ಕೈಗೆ ಕೊಟ್ಬಿಟ್ಟು ಇದೂ ರೀಟೇಲೇ ಅಂತ ಡ್ರಗ್ ಇನ್ಸ್‌ಪೆಕ್ಟರ್ ಮುಂದೆ ವಾದ ಮಾಡಿದ್ರೆ ನಿಲ್ಲೋದು ಕಷ್ಟ. ಲೈಸೆನ್ಸ್ ಇಲ್ದೆ ತಯಾರಿಸಿದ್ರಿ ಅಂತಾದ್ರೆ ಸೆಕ್ಷನ್ 27ರಲ್ಲಿ ಕಮ್ಮಿ ಅಂದ್ರೂ 3 ವರ್ಷ ಜೈಲು, 1 ಲಕ್ಷ ದಂಡ.

ಡಾಕ್ಟ್ರು ಡ್ರಗ್ಸ್ ರೂಲ್ಸ್‌ನ ಶೆಡ್ಯೂಲ್ ‘ಕೆ’ (ರಿಯಾಯ್ತಿಗಳ ಪಟ್ಟಿ) ತೋರಿಸ್ಬಹುದು. ಅದಿರೋದು ಅವರು ತಮ್ಮ ಸ್ವಂತ ಪೇಷೆಂಟ್‌ಗೆ ಔಷಧಿ ಕೊಡೋಕೆ, ಅದೂ ಅಂಗಡಿ ಇಟ್ಕೊಂಡಿರಬಾರ್ದು. ಆ ರಿಯಾಯ್ತಿ ಅವರದು, ನಿಮ್ಮದಲ್ಲ.

ಅಂದಹಾಗೆ ನಿಮ್ಮ ಬೋರ್ಡ್‌ನಲ್ಲಿ ಏನಿದೆ? ಅದೇ ರೂಲ್ಸ್‌ನ ರೂಲ್ 65ರ ಪ್ರಕಾರ ಚೀಟಿ ನೋಡಿ ಔಷಧಿ ಕಲಸಿಕೊಡೋ ವ್ಯವಸ್ಥೆ ಇದ್ರೆ ಮಾತ್ರ ‘ಫಾರ್ಮಸಿ’ ಅಂತ ಹಾಕ್ಬೇಕು, ಇಲ್ದಿದ್ರೆ ‘ಕೆಮಿಸ್ಟ್ಸ್ ಅಂಡ್ ಡ್ರಗ್ಗಿಸ್ಟ್ಸ್’. ಫಾರ್ಮಸಿಲಿ ಇರ್ಲೇಬೇಕಾದ ಸಾಮಾನಿನ ಶೆಡ್ಯೂಲ್ ‘ಎನ್’ ಪಟ್ಟಿಲಿ ಸೂಕ್ಷ್ಮ ತಕ್ಕಡಿ, ಅಳತೆ ಗ್ಲಾಸು, ಆಯಿಂಟ್‌ಮೆಂಟ್ ತಿಕ್ಕೋ ಪಿಂಗಾಣಿ ಹಲಗೆ, ಸ್ಪ್ಯಾಚುಲಾ ಎಲ್ಲಾ ಇದೆ. ನಮ್ಮೂರಲ್ಲಿ ಗಲ್ಲಿಗೊಂದು ಫಾರ್ಮಸಿ ಬೋರ್ಡು, ಒಳಗೆ ಹೋಗಿ ನೋಡಿದ್ರೆ ಬರೀ ರಟ್ಟಿನ ಡಬ್ಬ!

ಚೀಟಿಲಿ ಪೇಷೆಂಟ್ ಹೆಸರಿಗೆ ಯಾಕಿಷ್ಟು ಒತ್ತು ಅಂತೀರಾ? 2012ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಕಾಂಪೌಂಡಿಂಗ್ ಫಾರ್ಮಸಿ ಬೆನ್ನಿಗೆ ಕೊಡೋ ಸ್ಟೆರಾಯ್ಡ್ ಇಂಜೆಕ್ಷನ್‌ನ ರಾಶಿ ರಾಶಿ ಮಾಡಿ ಕ್ಲಿನಿಕ್‌ಗಳಿಗೆ ಕಳಿಸ್ತು, ಚೀಟಿಲಿ ಸುಳ್ಳು ಹೆಸರು, ಬಾಟ್ಲಿಲಿ ಫಂಗಸ್ಸು, 20 ರಾಜ್ಯದಲ್ಲಿ 750ಕ್ಕೂ ಹೆಚ್ಚು ಜನಕ್ಕೆ ಕಾಯಿಲೆ, 60ಕ್ಕೂ ಹೆಚ್ಚು ಜನ ಸತ್ತರು. 2013ರಲ್ಲಿ ಅಲ್ಲಿ ಹೊಸ ಕಾಯ್ದೆನೇ ಬಂತು: ಕಾನೂನಿನ ಸೆಕ್ಷನ್ ‘503ಎ’ ಕೆಳಗೆ ಬರೋ ಫಾರ್ಮಸಿಗೆ ಒಬ್ಬೊಬ್ಬ ಪೇಷೆಂಟ್ ಹೆಸರಿನ ಚೀಟಿ ಬೇಕೇ ಬೇಕು, ಚೀಟಿ ಇಲ್ದೆ ಕ್ಲಿನಿಕ್‌ಗೆ ಸ್ಟಾಕ್ ಕೊಡೋರು ‘503ಬಿ’ ಅಂತ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹತ್ರ ರಿಜಿಸ್ಟರ್ ಆಗಿ ಕಾರ್ಖಾನೆ ಮಟ್ಟದ ರೂಲ್ಸ್ ಪಾಲಿಸ್ಬೇಕು.

ಡಾಕ್ಟ್ರಿಗೆ ಹೇಳಿ, ಪೇಷೆಂಟ್ ಹೆಸರು, ಎಷ್ಟು ಪರ್ಸೆಂಟು, ಎಷ್ಟು ಗ್ರಾಂ ಬರೆದು ಕಳ್ಸಲಿ, ನಿಮ್ಮ ರಿಜಿಸ್ಟರ್ಡ್ ಫಾರ್ಮಸಿಸ್ಟ್ ಎದುರಲ್ಲೇ ಕಲಸಿ, ಪುಸ್ತಕದಲ್ಲಿ ಎಂಟ್ರಿ ಮಾಡಿ ಲೇಬಲ್ ಅಂಟಿಸಿ ಕೊಡಿ. ಸ್ಟಾಕೇ ಬೇಕು ಅಂದ್ರೆ ಲೈಸೆನ್ಸ್ ಇರೋ ಕಂಪ್ನಿ ಮಾಲೇ ತಗೊಳ್ಲಿ. ಕಣ್ಣಿನ ಡ್ರಾಪ್ಸು, ಇಂಜೆಕ್ಷನ್ನು ಕೇಳಿದ್ರೆ ಅಂಗಡಿ ಹಿಂದಿನ ರೂಮಲ್ಲಿ ಅದಕ್ಕಂತೂ ಕೈ ಹಾಕ್ಬೇಡಿ.